ಸ್ಕೆವೋಸನ ಕಲ್ಲಿನ ಹರಾಜು

ಫೆಬ್ರವರಿ 9, ಭಾನುವಾರ

ಸ್ಕೆವೋಸ್, ಹೇಗಿದ್ದೀಯಪ್ಪ? ನಿನ್ನ ಹೆಂಡತಿ ಅರ್ಗಿರೋ ಹೇಗಿದ್ದಾಳೆ? ಅತ್ತಿಗೆ ಕಲೋತೀನಾಳ ಮಂಡಿನೋವು ಕಡಿಮೆಯಾಯಿತೆ? ಪುಟ್ಟ ಮೀಕೆಸ್ ಶಾಲೆಗೆ ಹೋಗುತ್ತಿರಬೇಕು. ಚೆನ್ನಾಗಿ ಉಣ್ಣುತ್ತಾನೋ, ಇಲ್ಲ ಅವನ ಅಜ್ಜನ ಹಾಗೆ ಮೀನಿನ ತಲೆಯೇ ಬೇಕೆಂದು ಹಟ ಹಿಡಿಯುತ್ತಾನೋ. ಇಲ್ಲಿ ನಾವೆಲ್ಲ — ಅಂದರೆ ನಾನು — ಕ್ಷೇಮ.

ಭಾನುವಾರದ ಅಭ್ಯಾಸ ಇದು. ಬರೆಯುವುದು. ಕಳಿಸುವುದಿಲ್ಲ.

ಅಣ್ಣ ಮೀಕೆಸ್ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ತೀರಿಕೊಂಡ ಸುದ್ದಿ ನನಗೆ ಬಂದದ್ದು ಬೇರೆಯವರ ಬಾಯಿಂದ. ನಲವತ್ತನೇ ದಿನದ ಪ್ರಾರ್ಥನೆಯೂ ಮುಗಿದಿತ್ತು. ಅವನ ಮನೆಯವರು ತಿಳಿಸಲಿಲ್ಲ. ನಾನು ಕೇಳಲಿಲ್ಲ. ಹಾಗೇ ವರ್ಷಗಳು ಹೋದವು. ಅವನ ಮಗ ಸ್ಕೆವೋಸ್‌ಗೆ ಮಗ ಹುಟ್ಟಿದ್ದಾನೆಂದು ಯಾರೂ ಹೇಳಿಲ್ಲ. ಮದುವೆಯಾಗಿ ಇಷ್ಟು ಕಾಲವಾಯಿತು, ಹುಟ್ಟಿರಬೇಕು. ಹುಟ್ಟಿದ್ದರೆ ಮೀಕೆಸ್. ಅದನ್ನು ಯಾರೂ ಹೇಳಬೇಕಿಲ್ಲ. ನಮ್ಮಪ್ಪ ಸ್ಕೆವೋಸ್, ಅವನ ಮಗ ಮೀಕೆಸ್, ಅವನ ಮಗ ಸ್ಕೆವೋಸ್. ನಮ್ಮ ದ್ವೀಪ ಕಾಲಿಮ್ನೋಸ್‌ನಲ್ಲಿ ಹೆಸರುಗಳು ಹೀಗೇ ಒಂದು ಮೆಟ್ಟಿಲು ಬಿಟ್ಟು ಒಂದು ಮೆಟ್ಟಿಲು ಇಳಿಯುತ್ತವೆ.

ಬೆಳಿಗ್ಗೆ ಚರ್ಚು. ಮಧ್ಯಾಹ್ನ ಕಡಲೆ ಬೇಯಿಸಿದೆ. ಉಪ್ಪು ಹೆಚ್ಚಾಯಿತು. ತಿಂದೆ.

ಫೆಬ್ರವರಿ 12, ಬುಧವಾರ

ಸ್ಪಂಜು ವ್ಯಾಪಾರದ ಮಂಡಿಯಲ್ಲಿ ಕೂತು ಕಡಲ ಸ್ಪಂಜನ್ನು ಆಕಾರಕ್ಕೆ ಕತ್ತರಿಸುತ್ತಿದ್ದೆ. ಪಕ್ಕದ ಮಣೆ ಥೆಮೆಲೀನಾಳದು, ಪಕ್ಕದ ಮನೆಯೂ ಅವಳದೇ. ಕತ್ತರಿ ಕೆಳಗಿಟ್ಟು ಫೋನ್ ನನ್ನ ಮೂಗಿಗೆ ಹಿಡಿದಳು.

"ನೋಡು ಸೆವಸ್ತಕ್ಕಾ. ನಿಮ್ಮಪ್ಪಂದಲ್ವಾ ಇದು?"

"ಕನ್ನಡಕ ಕೊಡೇ."

"ನಿನ್ನ ತಲೆ ಮೇಲೇ ಇದೆ, ಮಹಾರಾಣಿ."

ಮುಳುಗುವ ಕಲ್ಲು. ಬಿಳಿ ಅಮೃತಶಿಲೆ, ಚಪ್ಪಟೆ, ಹಗ್ಗಕ್ಕೆ ಒಂದು ತೂತು. ಅಪ್ಪನ ಕಾಲದಲ್ಲಿ ಮುಳುಗುಗಾರರು ಇದನ್ನು ಎದೆಗೆ ಅವಚಿಕೊಂಡೇ ಸ್ಪಂಜು ಕೀಳಲು ಸಮುದ್ರದ ತಳಕ್ಕೆ ಇಳಿಯುತ್ತಿದ್ದರು. ಮೇಲೆ ಒಂದೇ ಅಕ್ಷರ ಕೆತ್ತಿದೆ, ಸ್ಕೆವೋಸ್‌ನ ಮೊದಲಕ್ಷರ. ಮಾರುವವನು ಪಿರೇಯಸ್‌ನವನು. ಫೋನಿನಲ್ಲೇ, ಯಾವುದೋ ಸೈಟಿನಲ್ಲಿ ಹರಾಜು. "ಕಾಲಿಮ್ನೋಸ್‌ನ ಮುಳುಗುಗಾರ ಸ್ಕೆವೋಸನ ಕಲ್ಲು" ಎಂದು ಹಾಕಿದ್ದಾನೆ.

ನಮ್ಮಲ್ಲಿ ಮನೆ ಹೆಣ್ಣುಮಗಳಿಗೆ, ಅಪ್ಪನ ಸಾಮಾನು ಗಂಡುಮಗನಿಗೆ. ಮನೆ ನನಗೆ ಬಂತು. ಅಣ್ಣ ಊರು ಬಿಟ್ಟ ಮೇಲೆ ಕಲ್ಲು ಕಾಣಲಿಲ್ಲ. ಯಾವುದೋ ಹೋಟೆಲಿನವನಿಗೆ ಗೋಡೆ ಅಲಂಕಾರಕ್ಕೆ ಕೊಟ್ಟಿರಬೇಕು ಎಂದುಕೊಂಡಿದ್ದೆ.

ನನ್ನ ಹೆಸರು ಹಾಕಿ ಕೂಗು ಎಂದೆ. ಅವಳ ಬೆರಳು, ನನ್ನ ಹೆಸರು. ನಿಮಿಷವೂ ಆಗಲಿಲ್ಲ, ಯಾರೋ ಮೇಲೆ ಹೋದರು.

"ಯಾವನೋ ಸ್ಕೆವೋಸ್ ಅಂತೆ. ಊರು ಆಸ್ಟ್ರೇಲಿಯಾ ಅಂತ ಹಾಕ್ಕೊಂಡಿದ್ದಾನೆ."

ಕತ್ತರಿ ಕೈಯಲ್ಲೇ ಇತ್ತು. ಮಣೆಯ ಮೇಲಿಟ್ಟೆ.

"ಅವನು ನಮ್ಮವನು," ಎಂದೆ.

"ಬಂದರಿನಲ್ಲಿ ನಿಂತು ಸ್ಕೆವೋಸ್ ಅಂತ ಕೂಗು, ಅರ್ಧ ಊರು ತಿರುಗಿ ನೋಡುತ್ತೆ. ಇವನೇ ನಿನ್ನವನು ಅಂತ ಹೇಗೆ ಗೊತ್ತು?"

ತಾತನ ಕಲ್ಲನ್ನು ಮೊಮ್ಮಗನಲ್ಲದೆ ಇನ್ಯಾರು ಕೇಳುತ್ತಾರೆ ಎಂದೆ.

ಫೆಬ್ರವರಿ 16, ಭಾನುವಾರ

ಸ್ಕೆವೋಸ್, ಎಲ್ಲರೂ ಕ್ಷೇಮವೆ? ನೀನು ಹತ್ತು ಯೂರೋ ಏರಿಸಿದೆ. ನಾನು ಹತ್ತು. ನೀನು ಮತ್ತೆ. ಒಂದು ಸಲ ಕಾಫಿ ಕುಡಿಯುತ್ತ ತಡಮಾಡಿದೆ, ನೀನು ಸುಮ್ಮನೆ ಕಾದೆ. ನಾನು ಏರಿಸಿದ ಕೂಡಲೇ ಬಂದೆ. ಇಷ್ಟು ವರ್ಷಗಳಲ್ಲಿ ನೀನು ನನ್ನ ಯಾವ ಮಾತಿಗೂ ಇಷ್ಟು ಬೇಗ ಉತ್ತರ ಕೊಟ್ಟಿಲ್ಲ.

ಅಲ್ಲಿ ನಡುರಾತ್ರಿ ಇದ್ದಾಗಲೂ ಎದ್ದಿರುತ್ತೀಯ. ನಿದ್ದೆ ಕೆಡಬೇಡ.

ಥೆಮೆಲೀನಾಗೆ ಇದು ಹಿಡಿಸುತ್ತಿಲ್ಲ. ಬಟ್ಟೆ ಒಣಹಾಕುತ್ತ ಗೋಡೆಯ ಆಚೆಯಿಂದಲೇ ಕೂಗಿದಳು.

"ಅಕ್ಕಾ, ಅವನ ಪುಟ ತೆಗೆದು ನೋಡ್ದೆ. ಆ ನಿನ್ನ ಸ್ಕೆವೋಸ್ ಬೇರೆ ಯಾರ ಸಾಮಾನಿಗೂ ಕೂಗೇ ಇಲ್ಲ. ಬರೀ ಈ ಪಿರೇಯಸ್‌ನವನ ಸಾಮಾನಿಗೆ. ದೀಪ, ತಕ್ಕಡಿ, ಕಾಫಿಬೀಜ ಬೀಸೋದು — ಎಲ್ಲದಕ್ಕೂ ಕೂಗಿದ್ದಾನೆ. ಒಂದನ್ನೂ ಕೊಂಡಿಲ್ಲ!"

"ಊರಿನ ನೆನಪು ಕಾಡ್ತಿರುತ್ತೆ. ಪಾಪ, ಕೈಗೆ ಎಟಕಲಿಲ್ಲವೇನೋ."

"ಪಾಪ ಅಂತೆ! ಮರಳು ಹಾಕಿದ್ದಾರೆ ಕಣೇ, ಮರಳು!"

ನಮ್ಮ ಕಸುಬಿನ ಮಾತು ಅದು. ಹಿಂದೆ ವ್ಯಾಪಾರಿಗಳು ಸ್ಪಂಜಿನ ಒಳಗೆ ಮರಳು ತುಂಬಿ ತೂಕಕ್ಕೆ ಇಡುತ್ತಿದ್ದರು. ಮಾರುವವನೇ ಇನ್ನೊಂದು ಹೆಸರಿನಲ್ಲಿ ಬಂದು ಬೆಲೆ ಏರಿಸುತ್ತಾನೆ ಎಂದು ಅವಳ ಅರ್ಥ.

"ನಿನ್ನ ಹೊದಿಕೆ ವಿಷಯದಲ್ಲಿ ಮೋಸ ಹೋದೆ ಅಂತ ಎಲ್ಲರೂ ಕಳ್ಳರಾ?" ಎಂದೆ. ಅವಳು ಫೋನಿನಲ್ಲಿ ಕೊಂಡು ತರಿಸಿದ ಉಣ್ಣೆ ಹೊದಿಕೆ ಬಂದಾಗ ಮೇಜಿಗೂ ಸಾಲದಷ್ಟಿತ್ತು. ಅದರ ಮಾತೆತ್ತಿದರೆ ಅವಳಿಗೆ ಸಿಟ್ಟು. ಬಟ್ಟೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಫೆಬ್ರವರಿ 20, ಗುರುವಾರ. ಸಂಜೆ

ಉಪವಾಸದ ಕಾಲಕ್ಕೆ ಮುಂಚಿನ ಮಾಂಸದ ಗುರುವಾರ. ಓಣಿ ತುಂಬ ಹೊಗೆ. ಎಲ್ಲರ ಬಾಗಿಲ ಮುಂದೆ ಕೆಂಡ.

ಹರಾಜು ಮುಗಿಯುವ ದಿನವೂ ಇವತ್ತೇ. ಥೆಮೆಲೀನಾ ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಕುರಿಯ ಎಲುಬು ಹಿಡಿದು ಕೂತಿದ್ದಳು. ನಾನು ಮುನ್ನೂರಕ್ಕೆ ಹೋದೆ. ಅವನು ಮುನ್ನೂರ ಹತ್ತು.

"ಏರಿಸ್ಲಾ?"

"ಬೇಡ."

"ಇನ್ನೂ ಟೈಮಿದೆ ಅಕ್ಕ."

"ಬೇಡ. ಹೆಸರಿನವನಿಗೇ ಹೋಗಲಿ."

ಹೋಯಿತು. ಅವನ ಮನೆಯಲ್ಲಿ ಇರುತ್ತದೆ. ಮೀಕೆಸ್ ಅದರ ಮೇಲೆ ಕೂತು ಆಡುತ್ತಾನೆ. ಯಾರೊಡನೆ ಹರಾಜು ಕೂಗಿದೆ ಎಂದು ಅವನು ಒಂದು ದಿನ ನೋಡುತ್ತಾನೆ. ಅತ್ತೆಯ ಹೆಸರು ಕಾಣುತ್ತದೆ. ಆಮೇಲೆ ಬರೆಯುತ್ತಾನೆ. ಅಷ್ಟು ಸಾಕು ನನಗೆ. ಕಲ್ಲಿಗಾಗಿ ಅಲ್ಲ ನಾನು ಕೂಗಿದ್ದು.

ಎರಡು ಎಲುಬು ಚೀಪಿದೆ.

ಫೆಬ್ರವರಿ 22, ಶನಿವಾರ

ಪಿರೇಯಸ್‌ನವನ ಮೆಸೇಜ್. ಥೆಮೆಲೀನಾ ಓದಿದಳು. ಗೌರವಾನ್ವಿತ ಅಮ್ಮನವರೇ, ಗೆದ್ದವರು ಬೇಡವೆಂದು ಹಿಂದೆ ಸರಿದಿದ್ದಾರೆ. ನಿಮ್ಮ ಕೊನೆಯ ಬೆಲೆಗೇ ಕಲ್ಲು ನಿಮ್ಮದು. ಸೈಟಿನಲ್ಲಿ ಕಟ್ಟಬೇಡಿ, ಅವರು ಸುಮ್ಮನೆ ಕಮಿಷನ್ ಮುರಿಯುತ್ತಾರೆ. ನೇರ ಬ್ಯಾಂಕಿಗೆ ಹಾಕಿ. ಖಾತೆಯ ಹೆಸರು ಮಾತ್ರ ಬೇರೆಯವರದು, ಭಾವಮೈದುನನದಂತೆ.

ಸ್ಕೆವೋಸ್ ಬೇಡವೆಂದನಂತೆ.

ನನ್ನ ಹೆಸರು ನೋಡಿರಬೇಕು. ನೋಡಿ ಬೇಡವೆಂದಿರಬೇಕು.

ಮಧ್ಯಾಹ್ನ ಕೆಲಸಕ್ಕೆ ಹೋದೆ. ಒಳ್ಳೆಯ ಸ್ಪಂಜೊಂದನ್ನು ಕತ್ತರಿಸುತ್ತ ಕತ್ತರಿಸುತ್ತ ಮುಷ್ಟಿಯಷ್ಟು ಮಾಡಿಟ್ಟೆ. ಮಂಡಿಯ ಯಜಮಾನ ನೋಡಿದ. ನನಗೆ ಏನೂ ಅನ್ನಿಸಲಿಲ್ಲ.

ಫೆಬ್ರವರಿ 28, ಶುಕ್ರವಾರ

ಐದು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ.

ಇವತ್ತು ಬ್ಯಾಂಕಿಗೆ ಹೋದೆ. ಕಲ್ಲು ಬೇಕೆಂದಲ್ಲ. ಅವನಿಗೆ ಬೇಡವಾದದ್ದು ಕಂಡವರ ಹೋಟೆಲಿಗೆ ಹೋಗಬಾರದೆಂದು. ಸಾಲಿನಲ್ಲಿ ನಿಂತಿದ್ದೆ. ಥೆಮೆಲೀನಾ ಏಪ್ರನ್‌ನಲ್ಲೇ ಓಡಿ ಬಂದಳು. ಎಲ್ಲರ ಮುಂದೆ ತೋಳು ಹಿಡಿದಳು.

"ಹೊರಗೆ ಬಾ."

"ಬಿಡೇ, ಜನ ನೋಡ್ತಾರೆ."

"ನೋಡ್ಲಿ. ಸೈಟಿನ ಒಳಗೆ ಕಟ್ಟಿದ್ರೆ ಸಾಮಾನು ನಿನ್ನ ಕೈಗೆ ಬಂದ ಮೇಲೇ ಅವನಿಗೆ ದುಡ್ಡು ಸಿಗೋದು. ಬರ್ಲಿಲ್ಲ ಅಂದ್ರೆ ವಾಪಸ್. ಹೊರಗೆ ಕಟ್ಟಿದ್ಯೋ, ಕೇಳೋಕೆ ಯಾರಿದ್ದಾರೆ? ಗುರುತಿಲ್ಲದವನ ಭಾವಮೈದುನನ ಖಾತೆ! ಭಾವಮೈದುನನ ಹೆಂಡತಿ ಬಂದು ಕೊಡ್ತಾಳಾ ನಿನ್ನ ದುಡ್ಡು?"

ಸಾಲಿನಲ್ಲಿದ್ದವರು ನಕ್ಕರು.

"ಮೊದಲು ನಿನ್ನ ಹುಡುಗನ್ನ ಕೇಳು," ಎಂದಳು ಮೆಲ್ಲಗೆ. "ಯಾಕಪ್ಪ ಬೇಡ ಅಂದೆ ಅಂತ ಅವನನ್ನೇ ಕೇಳು. ಆಮೇಲೆ ನಿನ್ನಿಷ್ಟ. ನಾನು ಅಡ್ಡ ಬರಲ್ಲ."

"ನಂಬರ್ ಇಲ್ಲ."

"ಡಾರ್ವಿನ್‌ನಲ್ಲಿ ನನ್ನ ಚಿಕ್ಕಪ್ಪನ ಮಗಳಿದ್ದಾಳೆ. ಅಲ್ಲಿ ನಮ್ಮೂರವರು ಒಬ್ಬರಿಗೊಬ್ಬರು ಗೊತ್ತಿಲ್ದೆ ಸೀನೋದೂ ಇಲ್ಲ."

ಪಿರೇಯಸ್‌ನವನಿಗೆ ಬರೆಸಿದೆ: ಕಟ್ಟಿದರೆ ಸೈಟಿನ ಒಳಗೇ ಕಟ್ಟುತ್ತೇನೆ. ದಿನಕ್ಕೆರಡು ಸಲ ಬರೆಯುತ್ತಿದ್ದವನು, ಉತ್ತರವಿಲ್ಲ.

ಮಾರ್ಚ್ 3, ಸೋಮವಾರ

ಉಪವಾಸದ ಮೊದಲ ದಿನ. ಊರೆಲ್ಲ ಗುಡ್ಡದ ಮೇಲೆ ಗಾಳಿಪಟ ಹಾರಿಸುತ್ತಿದೆ. ನಾನು ಅಡುಗೆಮನೆಯಲ್ಲಿ. ಥೆಮೆಲೀನಾ ನಂಬರ್ ಒತ್ತಿ ಫೋನ್ ಕೈಗೆ ಕೊಟ್ಟು ಅಂಗಳಕ್ಕೆ ಹೋದಳು. ಹೋಗಿ ಕಿಟಕಿ ಪಕ್ಕವೇ ನಿಂತಳು.

ಗಂಡಸಿನ ದನಿ. ಇಂಗ್ಲಿಷ್.

"ಸ್ಕೆವೋಸ್, ನಾನು ಸೆವಸ್ತಿ ಅತ್ತೆ."

ಆಮೇಲೆ ನಮ್ಮ ಮಾತಿನಲ್ಲೇ, "ಅತ್ತೆ? ಏನಾಯ್ತು? ಯಾರು ಹೋದ್ರು?"

"ಯಾರೂ ಹೋಗಿಲ್ಲ. ಕಲ್ಲು ಯಾಕಪ್ಪ ಬೇಡ ಅಂದೆ?"

"ಯಾವ ಕಲ್ಲು?"

"ತಾತನ ಕಲ್ಲು. ಹರಾಜಿನಲ್ಲಿ ನೀನು ಕೂಗಿದೆಯಲ್ಲ."

"ನಾನು ಯಾವ ಹರಾಜೂ ಕೂಗಿಲ್ಲ ಅತ್ತೆ. ತಾತನ ಕಲ್ಲು ಇಲ್ಲೇ ಇದೆಯಲ್ಲ. ಹಿತ್ತಿಲ ಬಾಗಿಲು ಗಾಳಿಗೆ ಬಡ್ಕೊಳ್ಳದ ಹಾಗೆ ಇಟ್ಟಿದ್ದೀವಿ. ಅಪ್ಪ ಬರುವಾಗಲೇ ತಂದ್ರು. ಬಟ್ಟೆ ಬಿಟ್ಟು ಕಲ್ಲು ಹೊತ್ಕೊಂಡು ಬಂದ ಅಂತ ಅಮ್ಮ ಈಗಲೂ ಬೈತಾಳೆ."

ಕುರ್ಚಿ ಎಳೆದು ಕೂತೆ. ಏನಾದರೂ ಹೇಳಬೇಕಲ್ಲ.

"ಪುಟ್ಟ ಮೀಕೆಸ್ ಹೇಗಿದ್ದಾನೆ?"

"ಯಾವ ಮೀಕೆಸ್?"

"ನಿನ್ನ ಮಗ."

"ನನಗೆ ಇಬ್ಬರೂ ಹೆಣ್ಣುಮಕ್ಕಳು, ಅತ್ತೆ."

ಹೌದಾ ಎಂದೆ. ಹೌದು ಎಂದ. ಹಿಂದೆ ಯಾರೋ ಪಾತ್ರೆ ತೊಳೆಯುತ್ತಿದ್ದರು.

"ಅಪ್ಪ ಹೋದಾಗ ನಿಮಗೆ ಕಾಗದ ಹಾಕಿದ್ವಿ," ಎಂದ. "ನೀವು ಉತ್ತರ ಕೊಡಲಿಲ್ಲ."

"ಬರಲಿಲ್ಲಪ್ಪ."

"ನಿಮ್ಮೂರು ಪೋಥಿಯಾಕ್ಕೇ ಹಾಕಿದ್ವಿ. ನಿಮ್ಮ ಹೆಸರಿಗೆ."

"ಬರಲಿಲ್ಲ."

ಆಮೇಲೆ ಅವನು ವಿಳಾಸ ಹೇಳಿದ, ನಾನು ಬರೆದುಕೊಂಡೆ. ಅಕ್ಷರಗಳನ್ನು ಒಂದೊಂದಾಗಿ ಹೇಳಿದ. ತಾಳ್ಮೆಯಿಂದ ಹೇಳಿದ. ಅಣ್ಣನ ದನಿಯಲ್ಲ. ನನಗೆ ಗೊತ್ತಿದ್ದ ಯಾರ ದನಿಯೂ ಅಲ್ಲ.

ಥೆಮೆಲೀನಾ ಒಳಗೆ ಬಂದು ಒಲೆ ಹಚ್ಚಿ ಕಾಫಿ ಇಟ್ಟಳು. ನಾನು ಹೇಳಿರಲಿಲ್ಲವಾ ಎಂದು ಅನ್ನಲಿಲ್ಲ. ಅವಳಿಗೆ ಅದು ಎಷ್ಟು ಕಷ್ಟವಾಯಿತೋ.

ಮಾರ್ಚ್ 5, ಬುಧವಾರ

ಕಲ್ಲು ಮತ್ತೆ ಹರಾಜಿಗೆ ಬಂದಿದೆ. ಅದೇ ಫೋಟೊ. ಈ ಸಲ ಪಕ್ಕದ ದ್ವೀಪ ಲೆರೋಸ್‌ನ ಯಾರೋ ಹೆಂಗಸು ಕೂಗುತ್ತಿದ್ದಾಳೆ. ಅವಳು ಹತ್ತು ಏರಿಸಿದಳು. ನಾವು ನೋಡುತ್ತಿದ್ದ ಹಾಗೆಯೇ ಆಸ್ಟ್ರೇಲಿಯಾದ ಸ್ಕೆವೋಸ್ ಬಂದ.

ಅವಳ ಅಪ್ಪನ ಹೆಸರೂ ಅದೇ ಇರಬಹುದು. ಕಲ್ಲು ನಿಜಕ್ಕೂ ಅವರದೇ ಇರಬಹುದು. ಒಂದೇ ಅಕ್ಷರ. ಅದನ್ನು ನೋಡಿ ನಾನು ಅಪ್ಪನದು ಎಂದೆ. ಆ ಅಕ್ಷರದ ಮುಳುಗುಗಾರರು ಈ ಸಮುದ್ರದಲ್ಲಿ ಎಷ್ಟು ಜನ ಇಳಿದಿಲ್ಲ.

"ಸೈಟಿನವರಿಗೆ ದೂರು ಹಾಕ್ಲಾ?" ಎಂದಳು ಥೆಮೆಲೀನಾ.

"ಹಾಕು. ಆ ಹೆಂಗಸಿಗೂ ಬರೆಯೋಕಾಗುತ್ತಾ?"

"ಇಲ್ಲಿ ಹಾಗೆ ಬರೆಯೋಕೆ ಬಿಡಲ್ಲ."

ದೂರು ಹಾಕಿದಳು. ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಸಂಜೆಗೆ ಬೆಲೆ ಇನ್ನೂ ಏರಿತ್ತು. ಫೋನ್ ಮುಚ್ಚಿಡು ಎಂದೆ.

ಒಂಬತ್ತು ದಿನ ನಾನು ಯಾರೊಡನೆ ಮಾತಾಡಿದೆ? ಪಿರೇಯಸ್‌ನ ಯಾವುದೋ ಅಂಗಡಿಯಲ್ಲಿ ಕೂತವನೊಡನೆ. ನಾನು ನಿದ್ದೆ ಕೆಡಬೇಡ ಎಂದದ್ದು ಅವನಿಗೆ. ಅಳು ಬರಬಹುದು ಎಂದು ಕಾದೆ. ಬರಲಿಲ್ಲ. ಬೇಳೆ ನೆನೆಹಾಕಿ ಮಲಗಿದೆ.

ಮಾರ್ಚ್ 9, ಭಾನುವಾರ

ಇದನ್ನು ಹಾಳೆಗೆ ಇಳಿಸಿ ನಾಳೆ ಅಂಚೆಗೆ ಹಾಕಬೇಕು.

ಸ್ಕೆವೋಸ್, ನಾನು ಕ್ಷೇಮ. ಅರ್ಗಿರೋಗೆ ನನ್ನ ನೆನಪು ಹೇಳು. ಕಲೋತೀನಾಗೂ ಹೇಳು — ಬಟ್ಟೆ ಬಿಟ್ಟು ಕಲ್ಲು ತಂದದ್ದಕ್ಕೆ ಅವಳು ಬೈದದ್ದು ಸರಿಯೇ, ನಾನಾದರೂ ಬೈಯುತ್ತಿದ್ದೆ. ಅದು ಬಾಗಿಲಿಗೇ ಇರಲಿ. ನನಗೆ ಬೇಕಾಗಿಲ್ಲ.

ಹುಡುಗಿಯರ ಹೆಸರು ನಾನು ಫೋನಿನಲ್ಲಿ ಕೇಳಲಿಲ್ಲ. ಊಹಿಸಲು ಹೋಗುವುದಿಲ್ಲ. ನೀನೇ ಬರೆ. ದೊಡ್ಡವಳು ಯಾರು, ಚಿಕ್ಕವಳು ಯಾರು, ಏನು ತಿನ್ನುತ್ತಾರೆ, ನಮ್ಮ ಮಾತು ಬರುತ್ತದೆಯೆ. ಬರದಿದ್ದರೆ ಪರವಾಗಿಲ್ಲ.

ಪೋಥಿಯಾದಲ್ಲಿ ಸೆವಸ್ತಿಗಳು ಬಹಳ ಜನ. ಅಜ್ಜಿಯ ಹೆಸರು ಮೊಮ್ಮಗಳಿಗೆ, ಹಾಗಾಗಿ ಮನೆಗೊಬ್ಬಳು. ವಿಳಾಸದಲ್ಲಿ ಸ್ಪಂಜು ಕತ್ತರಿಸುವ ಸೆವಸ್ತಿ ಎಂದು ಬರೆ, ಅಂಚೆಯವನು ತರುತ್ತಾನೆ. ಬೇಗ ಬರೆಯಪ್ಪ. ಎರಡು ಸಾಲಾದರೂ ಸಾಕು. ಇನ್ನು ನಿನ್ನ ಅಪ್ಪನ ವಿಷಯ, ಕೊನೆಯ ದಿನಗಳಲ್ಲಿ ಅವನು ನನ್ನ ಹೆಸರು ಹೇಳಿದ್ದನೆ, ಅದನ್ನೂ ಬರೆ.