ಮೂರು ಸಲ ನಗುವ ನಿಯಮ

ಆಸ್ಪತ್ರೆಯ ಅಡುಗೆಮನೆಯಿಂದ,
ಮಂಗಳವಾರ, ಹನ್ನೆರಡನೇ ತಾರೀಖು, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಗುಂಡನಿಗೆ ಅಕ್ಕನ ಆಶೀರ್ವಾದ.

ಮೊದಲು ಯೋಗಕ್ಷೇಮ ಕೇಳಿ ಆಮೇಲೆ ವಿಷಯಕ್ಕೆ ಬರಬೇಕು ಎಂದು ಅಮ್ಮ ಕಲಿಸಿದ್ದಾಳೆ. ಆದರೆ ನಿನ್ನನ್ನು ಕೇಳಿ ಏನು ಪ್ರಯೋಜನ ಹೇಳು? ಜ್ವರದಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದರೂ "ಅದ್ಭುತವಾಗಿದ್ದೀನಿ ಅಕ್ಕಾ" ಎನ್ನುವವನು ನೀನು. ಆದರೂ ಕೇಳುತ್ತೇನೆ. ಆ ಕೆಮ್ಮು ಹೋಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಅಥವಾ ಊರಿಗೆಲ್ಲ ಊಟದ ಪಾಠ ಹೇಳಿ ನೀನು ಮಾತ್ರ ಬಸ್ ನಿಲ್ದಾಣದಲ್ಲಿ ಬಿಸ್ಕತ್ತು ತಿಂದು ಮಲಗುತ್ತೀಯಾ? ಹೋದ ಸಲ ಬಂದಾಗ ನಿನ್ನ ಚೀಲದಲ್ಲಿ ಮೂರು ಪೊಟ್ಟಣ ಸಿಕ್ಕಿದ್ದವು. ಅಮ್ಮನಿಗೆ ಹೇಳದೆ ನಿನ್ನ ಮಾನ ಉಳಿಸಿದ್ದೇನೆ, ನೆನಪಿರಲಿ. ನಿನ್ನ ಭಾವ ಚೆನ್ನಾಗಿದ್ದಾರೆ, ಈಗ ಬೆಳಗಿನ ಪಾಳಿಯ ಬಸ್ಸು ಸಿಕ್ಕಿದೆ. ನಾನೂ ಚೆನ್ನಾಗಿದ್ದೇನೆ, ಸಿಟ್ಟೊಂದು ಬಿಟ್ಟರೆ.

ಈ ಕಾಲದಲ್ಲಿ ಕಾಗದ ಯಾಕೆ ಎನ್ನುತ್ತೀಯಾ? ಫೋನ್ ಮಾಡಿದೆ ಮಾರಾಯ, ನಾಲ್ಕು ಸಲ. ಎರಡು ಸಲ ನಿನ್ನ ಆರೋಗ್ಯ ಶಿಬಿರದ ಹುಡುಗಿ ಎತ್ತಿ "ಸರ್ ಮೌನದಲ್ಲಿದ್ದಾರೆ" ಎಂದಳು. ಮೂರನೇ ಸಲ ನೀನೇ ಎತ್ತಿದೆ. "ಅಕ್ಕಾ, ಮೊದ್ಲು ಮೂರು ಒಳ್ಳೆ ಸುದ್ದಿ ಹೇಳು, ಆಮೇಲೆ ಬೇರೆ ಮಾತು" ಎಂದೆ. ನನ್ನ ಹತ್ತಿರ ಮೂರು ಒಳ್ಳೆಯ ಸುದ್ದಿ ಇರಲಿಲ್ಲ ಕಣೋ, ಒಂದು ಕೆಟ್ಟ ಸುದ್ದಿ ಇತ್ತು. ನಾನು ತಡವರಿಸುತ್ತಿರುವಾಗಲೇ "ನಿನ್ನ ಧ್ವನಿಯಲ್ಲೇ ನೆಗೆಟಿವ್ ಇದೆ, ಶಾಂತವಾದ್ಮೇಲೆ ಮಾಡು" ಎಂದು ಇಟ್ಟುಬಿಟ್ಟೆ. ನಾಲ್ಕನೇ ಸಲ ಮಾಡಿದರೆ ಸ್ವಿಚ್ ಆಫ್. ನಿನ್ನ ಮೂಗು ಒರೆಸಿದ ಅಕ್ಕ ನಿನ್ನ ಜೊತೆ ಮಾತಾಡಲು ಪರೀಕ್ಷೆ ಪಾಸಾಗಬೇಕೇನೋ? ಕಾಗದವಾದರೆ ಮಧ್ಯದಲ್ಲಿ ಬಾಯಿ ಹಾಕಲು ಆಗುವುದಿಲ್ಲ. ಹರಿದು ಹಾಕಬಹುದು, ಆದರೆ ಅಷ್ಟು ಕಲ್ಲುಮನಸ್ಸು ನಿನ್ನದಲ್ಲ ಎಂದು ನಂಬಿ ಬರೆಯುತ್ತಿದ್ದೇನೆ.

ಸುದ್ದಿ ಇಷ್ಟು. ಅಮ್ಮನ ಎಡಗಡೆಯ ಎದೆಯಲ್ಲಿ ಗಂಟಿದೆ, ನಿಂಬೆಹಣ್ಣಿಗಿಂತ ತುಸು ಚಿಕ್ಕದು. ಪರೀಕ್ಷೆ ಮಾಡಿಸಿದೆವು, ಕ್ಯಾನ್ಸರ್ ಎಂದು ಬಂದಿದೆ. ಬೇರೆ ಕಡೆಗೆ ಹರಡಿದಂತೆ ಕಾಣುವುದಿಲ್ಲ, ಈಗಲೇ ತೆಗೆದರೆ ಭರವಸೆ ಇದೆ, ತಡ ಮಾಡಿದರೆ ನನ್ನ ಕೈಯಲ್ಲಿಲ್ಲ ಎಂದು ಡಾಕ್ಟರಮ್ಮ ನೇರವಾಗಿ ಹೇಳಿದ್ದಾರೆ. ಇಪ್ಪತ್ತೊಂದನೇ ತಾರೀಖು ಗುರುವಾರ ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ. ಅಮ್ಮ ಸುತರಾಂ ಒಪ್ಪುತ್ತಿಲ್ಲ. ಒಪ್ಪಿಗೆಯ ಕಾಗದ ಮುಂದಿಟ್ಟರೆ ಪೆನ್ನು ಮುಚ್ಚಿ ವಾಪಸ್ ಕೊಡುತ್ತಾಳೆ. "ದೇಹ ತನ್ನನ್ನ ತಾನೇ ಸರಿ ಮಾಡ್ಕೊಳ್ಳುತ್ತೆ, ಅವನು ಹೇಳಿದ್ದಾನೆ." ಹಗಲೂ ರಾತ್ರಿ ಇದೊಂದೇ ಮಾತು. ಅವನು ಎಂದರೆ ಬೇರೆ ಯಾರೂ ಅಲ್ಲ, ನೀನೇ.

ಹೋದ ವರ್ಷ ಹತ್ತು ದಿನ ಬಂದಿದ್ದು ಮನೆಗೊಂದು ನಿಯಮ ಹಾಕಿ ಹೋದೆಯಲ್ಲ, ನೆನಪಿದೆಯೇ? ಮನೆಯಲ್ಲಿ ಯಾರೂ ನೋವು, ಸುಸ್ತು, ಆಗಲ್ಲ ಎನ್ನಬಾರದು. ಹಾಗೆ ಅನ್ನಬೇಕು ಎನಿಸಿದರೆ ನಿಂತಲ್ಲೇ ನಿಂತು ಗಟ್ಟಿಯಾಗಿ ಮೂರು ಸಲ ನಗಬೇಕು. ನಾವೂ ತಮಾಷೆ ಎಂದುಕೊಂಡೆವು. ನಿನ್ನ ಭಾವ ಮಂಚದ ಕಾಲಿಗೆ ಕಿರುಬೆರಳು ಬಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ಕುಂಟುತ್ತಾ ನಕ್ಕಿದ್ದನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡಿದ್ದೆ. ಪಕ್ಕದ ಮನೆಯ ಟೈಲರಮ್ಮ ಕಿಟಕಿಯಿಂದ "ಏನ್ರೀ, ಲಾಟರಿ ಹೊಡೀತಾ?" ಎಂದು ಕೇಳಿದ್ದಳು. ನೀನು ಹೋದ ಮೇಲೆ ನಾವಿಬ್ಬರೂ ಅದನ್ನು ಮರೆತೆವು. ಅಮ್ಮ ಮರೆಯಲಿಲ್ಲ. ಅವಳಿಗೆ ನಿನ್ನ ಮಾತೆಂದರೆ ವೇದವಾಕ್ಯ. ಈ ಐದು ತಿಂಗಳಿಂದ ಬೆಳಗ್ಗೆ ಬಚ್ಚಲುಮನೆಯಿಂದ ಅವಳ ನಗು ಕೇಳಿಸುತ್ತಿತ್ತು. ಮೂರು ಸಲ. ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ನಾನು ಒಲೆಯ ಮುಂದೆ ನಿಂತು ನನ್ನ ಗಂಡನಿಗೆ ಹೇಳುತ್ತಿದ್ದೆ, "ನೋಡಿ, ಈ ವಯಸ್ಸಲ್ಲೂ ಅಮ್ಮ ಎಷ್ಟು ಖುಷಿಯಾಗಿದ್ದಾಳೆ" ಎಂದು. ಖುಷಿಯಂತೆ ಖುಷಿ! ನನ್ನ ಬಾಯಿಗೆ ಮಣ್ಣು ಬೀಳ. ಬಟ್ಟೆ ಹಾಕಿಕೊಳ್ಳಲು ತೋಳು ಎತ್ತಿದಾಗಲೆಲ್ಲ ಅವಳಿಗೆ ಜೀವ ಹೋದಂತಾಗುತ್ತಿತ್ತು, ಅದಕ್ಕೆ ನಗುತ್ತಿದ್ದಳು.

ಗೊತ್ತಾಗಿದ್ದು ಹದಿನೈದು ದಿನದ ಹಿಂದೆ, ಭಾನುವಾರ. ಒದ್ದೆ ಹೊದಿಕೆಯನ್ನು ಹಗ್ಗದ ಮೇಲೆ ಹಾಕಲು ಹೋದಳು, ಎಡಗೈ ಭುಜದಿಂದ ಮೇಲೇರಲಿಲ್ಲ. ಬಕೆಟ್ಟಿನ ಪಕ್ಕ ನಿಂತು ನಗಲು ಶುರು ಮಾಡಿದಳು. ಎದುರಿಗೆ ಒಂದು ನರಪಿಳ್ಳೆಯೂ ಇಲ್ಲ. ಮುಖ ಬಿಳುಚಿಕೊಂಡಿದೆ, ಹಣೆಯಲ್ಲಿ ಬೆವರು ಇಳಿಯುತ್ತಿದೆ, ನಗು ಮಾತ್ರ ಬರುತ್ತಿದೆ. ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ ನೋಡಿದೆ. ಆಗ ಬಾಯಿ ಬಿಟ್ಟಳು. ಮೂರು ತಿಂಗಳ ಹಿಂದೆಯೇ ನಿನಗೆ ಫೋನಿನಲ್ಲಿ ಹೇಳಿದ್ದಳಂತೆ. ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯಲ್ಲಿ ದುಡಿಯುವ ಮಗಳು ಪಕ್ಕದ ಕೋಣೆಯಲ್ಲಿ ಮಲಗಿದ್ದರೂ ಹೇಳಿದ್ದು ನಿನಗೆ! ನೀನು ಏನು ಅಪ್ಪಣೆ ಕೊಡಿಸಿದೆ? "ಅದರ ಬಗ್ಗೆ ಯೋಚ್ನೆ ಮಾಡ್ಬೇಡಮ್ಮ, ಯೋಚ್ನೆ ಮಾಡಿದ್ರೆ ಬೆಳೆಯುತ್ತೆ. ದಿನಾ ಕ್ಯಾರೆಟ್ ರಸ ಕುಡಿ." ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ನಾನೂ ಯೋಚನೆ ಮಾಡುತ್ತೇನಂತೆ, ಇಬ್ಬರು ಯೋಚನೆ ಮಾಡಿದರೆ ಅದು ಇನ್ನೂ ಬೇಗ ಬೆಳೆಯುತ್ತದಂತೆ. ಇದನ್ನು ಕೇಳಿ ನಾನು ತಲೆ ಚಚ್ಚಿಕೊಳ್ಳಲೋ, ನಿನ್ನ ತಲೆ ಹುಡುಕಿಕೊಂಡು ಬರಲೋ?

ಅಕ್ಕನಿಗೆ ಮಾತ್ರೆ, ಸೂಜಿ ಬಿಟ್ಟು ಬೇರೆ ಗೊತ್ತಿಲ್ಲ ಎಂದು ನಿನ್ನ ಶಿಷ್ಯರ ಮುಂದೆ ಹೇಳಬೇಡ. ಊಟದ ಬೆಲೆ ನಿನಗಿಂತ ಹೆಚ್ಚು ನನಗೆ ಗೊತ್ತು. ನೀನು ಊಟದ ಬಗ್ಗೆ ಮಾತಾಡುತ್ತೀಯ, ನಾನು ಅಡುಗೆ ಮಾಡುತ್ತೇನೆ. ಈ ಅಡುಗೆಮನೆಯಿಂದ ಹೊತ್ತಿಗೆ ನೂರಾ ನಲವತ್ತು ತಟ್ಟೆ ಹೋಗುತ್ತವೆ, ಒಂದೊಂದರ ಮೇಲೂ ನನ್ನ ಕೈಬರಹದ ಚೀಟಿ. ಬಿಳಿ ಚೀಟಿ ಮಾಮೂಲಿ ಊಟ, ಹಳದಿ ಸಕ್ಕರೆ ಇಲ್ಲದ್ದು, ನೀಲಿ ಉಪ್ಪು ಕಡಿಮೆ. ಆಪರೇಷನ್ ದಿನದವರಿಗೆ ಕೆಂಪು ಚೀಟಿ, ಅಂದರೆ ಬಾಯಿಗೆ ನೀರೂ ಇಲ್ಲ. ಆ ದಿನ ಅವರ ಪಾಲಿಗೆ ನಮ್ಮ ಒಲೆ ಕೈಕಟ್ಟಿ ಕೂತಿರುತ್ತದೆ, ಅವತ್ತು ಕತ್ತಿ ಹಿಡಿದವರ ಸರದಿ. ಮಾರನೆಯ ದಿನ ಗಂಜಿಯ ಬಟ್ಟಲು ಹಿಡಿದು ನಾವು ಹೋಗುತ್ತೇವೆ, ಅಲ್ಲಿಂದ ನಮ್ಮ ಸರದಿ. ಮೂರು ಚಮಚ ಗಂಜಿ ಕುಡಿದವರ ಕಣ್ಣಿಗೆ ಬೆಳಕು ಬರುವುದನ್ನು ನಾನು ಸಾವಿರ ಸಲ ನೋಡಿದ್ದೇನೆ. ಆದರೆ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಕೆಂಪು ಚೀಟಿಯವರ ಬಾಗಿಲಿಗೆ ಹೋಗಿ "ಎದ್ದು ಬನ್ನಿ, ನನ್ನ ಗಂಜಿ ಸಾಕು" ಎಂದಿಲ್ಲ.

ನಗುವೂ ಅಷ್ಟೇ. ಒಂಬತ್ತನೇ ಮಂಚದಲ್ಲಿ ಒಬ್ಬ ಬಡಗಿ ಇದ್ದ. ಕಾಲು ತೆಗೆದ ದಿನ ವಾರ್ಡೇ ನಡುಗುವಂತೆ ಕಿರುಚಿದ, ಅತ್ತ, ಬಾಯಿಗೆ ಬಂದಂತೆ ದೇವರನ್ನು ಬೈದ. ನಾಲ್ಕನೆಯ ದಿನ ನಾನು ಸೊಪ್ಪು, ಬೇಯಿಸಿದ ಕಾಳು ಕೊಡಲು ಹೋದರೆ "ಅಮ್ಮಾ, ಇನ್ಮೇಲೆ ಚಪ್ಪಲಿ ಕದಿಯೋರು ನನ್ನ ತಂಟೆಗೆ ಬರಲ್ಲ ಬಿಡಿ" ಎಂದು ತಾನೇ ನಕ್ಕ. ಅವನ ತಟ್ಟೆ ಖಾಲಿಯಾಯಿತು, ಗಾಯವೂ ಬೇಗ ಮಾಯಿತು. ಅಂಥ ಮನಸ್ಸಿಗೆ ನಾನು ಕೈಮುಗಿಯುತ್ತೇನೆ. ನೀನು ಅಮ್ಮನಿಂದ ಅಳುವ ಹಕ್ಕನ್ನೇ ಕಿತ್ತುಕೊಂಡು ನಗು ಎಂದು ಹೇಳಿದ್ದೀಯ.

ನೀನು ಮಾಡಿದ ಒಳ್ಳೆಯದನ್ನು ಇಲ್ಲ ಎನ್ನುವುದಿಲ್ಲ. ಅಮ್ಮನಿಗೆ ಕರಿದದ್ದು ಬಿಡಿಸಿದೆ, ಸೊಪ್ಪು, ಹಣ್ಣು ತಿನ್ನಲು ಕಲಿಸಿದೆ, ಕೆರೆಯ ಸುತ್ತ ದಿನಾ ನಡೆಸಿದೆ. ಅವಳ ಸಕ್ಕರೆ ಇಳಿಯಿತು, ಮಂಡಿನೋವು ಎಷ್ಟೋ ಕಡಿಮೆಯಾಯಿತು. ಡಾಕ್ಟರಮ್ಮ ಕೂಡ "ಮಗ ಒಳ್ಳೆ ಕೆಲಸ ಮಾಡಿದ್ದಾರೆ, ದೇಹ ಗಟ್ಟಿಯಾಗಿದೆ, ಆಪರೇಷನ್ ತಡ್ಕೊಳ್ತಾರೆ" ಎಂದರು. ನಿನ್ನ ಹೆಸರಿಗೆ ಒಂದು ನಮಸ್ಕಾರ ಹಾಕಿದೆ ಆಗ. ಆದರೆ ನೀನು ವೇದಿಕೆ ಹತ್ತಿ ಹೇಳುವ ಕಥೆ ಯಾವುದು? ಒಂಬತ್ತು ವರ್ಷದವನಿದ್ದಾಗ ಕಾಮಾಲೆ ಬಂದಿತ್ತು, ಅಮ್ಮ ಬರೀ ಪಥ್ಯದ ಊಟದಿಂದ ನನ್ನನ್ನು ಉಳಿಸಿದಳು ಎಂದಲ್ಲವೇ? ಪಥ್ಯ ಮಾಡಿದ್ದು ನಿಜ, ನಲವತ್ತು ದಿನ ಮನೆಯಲ್ಲಿ ಎಣ್ಣೆಯ ವಾಸನೆ ಇರಲಿಲ್ಲ, ನಾನೂ ನಿನ್ನ ಜೊತೆ ಸಪ್ಪೆ ತಿಂದೆ. ಅದೇ ನಲವತ್ತು ದಿನ, ವಾರಕ್ಕೆರಡು ಸಲ, ನಿನ್ನನ್ನು ಬೆನ್ನ ಮೇಲೆ ಹೊತ್ತು ಡಾಕ್ಟರ ಹತ್ತಿರ ಓಡಿದವಳು ಯಾರು? ಗುಂಡುಗುಂಡಾಗಿ ಬೇರೆ ಇದ್ದೆ, ಅವಳ ಸೊಂಟ ಹಿಡಿದುಕೊಂಡಿದ್ದೇ ಆಗ. ಆ ಭಾಗ ವೇದಿಕೆಯ ಮೇಲೆ ಯಾಕೆ ಬರುವುದಿಲ್ಲ? ನಿನ್ನ ಶಿಬಿರದ ಗೋಡೆಯ ಮೇಲೆ "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಬರೆಸಿದ್ದೀಯಂತೆ. ಗಾದೆಯಲ್ಲಿ ಇನ್ನರ್ಧ ಇದೆ ಕಣಯ್ಯಾ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು. ಮಾತು ಬಲ್ಲವನು ಎದೆಯಲ್ಲಿ ಗಂಟಿದೆ ಎನ್ನುವ ತಾಯಿಗೆ ರಸ ಕುಡಿ ಎನ್ನುವುದಿಲ್ಲ.

ನಾನು ಹೇಳಿ ಸಾಕಾಗಿದೆ. ಬೈದೆ, ಅತ್ತೆ, ಎರಡು ದಿನ ಮಾತು ಬಿಟ್ಟೆ. ನಿನ್ನ ಭಾವ ಕಾಲು ಹಿಡಿದುಕೊಂಡರು. ಅವಳು ತಣ್ಣಗೆ ಕ್ಯಾರೆಟ್ ತುರಿಯುತ್ತಾ ಕೂರುತ್ತಾಳೆ, ಅದೂ ಬಲಗೈ ಒಂದರಲ್ಲೇ, ಬಟ್ಟಲನ್ನು ಮಂಡಿಗಳ ನಡುವೆ ಇಟ್ಟುಕೊಂಡು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಸುಳ್ಳಲ್ಲ, ಅವಳಿಗೆ ನೀನು ಮುದ್ದು, ನಾನು ವಾದ ಮಾಡುವವಳು. ಆದ್ದರಿಂದ ನೀನೇ ಹೇಳಬೇಕು. ನಾನು ಹೇಳಿದ್ದು ತಪ್ಪಾಯಿತಮ್ಮ, ಆಪರೇಷನ್ ಮಾಡಿಸಿಕೋ ಎಂದು ಹೇಳಬೇಕು. ನಿನಗೆ ಅಷ್ಟು ಕಷ್ಟವಾದರೆ ಮೊದಲು ಮೂರು ಸಲ ನಕ್ಕು ಆಮೇಲೆ ಹೇಳು, ನನ್ನ ಅಭ್ಯಂತರವಿಲ್ಲ. ಆಪರೇಷನ್ ಆದ ಮೇಲೆ ನೀನು ಬಂದು ಸೊಪ್ಪಾದರೂ ಬೇಯಿಸು, ರಸವಾದರೂ ಹಿಂಡು, ಹಾಡಾದರೂ ಹೇಳು, ಅಡುಗೆಮನೆಯ ಬೀಗದ ಕೈಯನ್ನೇ ನಿನಗೆ ಕೊಟ್ಟು ಪಕ್ಕಕ್ಕೆ ನಿಲ್ಲುತ್ತೇನೆ. ಆಗ ನಮಗೆ ನೀನು ಬೇಕೇ ಬೇಕು.

ಬೈದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬೇಜಾರಾದರೂ ಪರವಾಗಿಲ್ಲ, ಫೋನ್ ಮಾಡು. ನಿನ್ನ ಭಾವ ನಿನ್ನನ್ನು ಕೇಳಿದ್ದಾರೆಂದು ತಿಳಿಸಲು ಹೇಳಿದ್ದಾರೆ. ಬಿಸ್ಕತ್ತು ಬಿಟ್ಟು ಎರಡು ಹೊತ್ತು ಬಿಸಿ ಊಟ ಮಾಡು. ನೂರು ಕಾಲ ಚೆನ್ನಾಗಿ ಬಾಳು.

ನಿನ್ನ ಮೇಲೆ ಕೆಂಡದಂಥ ಸಿಟ್ಟಿರುವ, ನಿನ್ನ
ಅಕ್ಕ

ವಿ.ಸೂ.: ಕವರು ಅಂಟಿಸಿಯಾಗಿತ್ತು, ಮತ್ತೆ ಹರಿದಿದ್ದೇನೆ. ಹಾಳೆ ಮುಗಿದು ಬಿಳಿ ಚೀಟಿಯ ಹಿಂದೆ ಬರೆಯುತ್ತಿದ್ದೇನೆ, ಸಂಜೆಯ ತಟ್ಟೆಗಳು ಹೊರಡಲು ಹತ್ತೇ ನಿಮಿಷ ಇದೆ. ಅಮ್ಮ ಸಕ್ಕರೆ ಪರೀಕ್ಷೆಗೆ ಬಂದವಳು ಹಿಂಬಾಗಿಲ ಬೆಂಚಿನ ಮೇಲೆ ಕೂತಿದ್ದಾಳೆ. ನಿನ್ನ ಮುದ್ದಿನ ಮಗನಿಗೆ ಸರಿಯಾಗಿ ಬರೆದು ಹಾಕಿದ್ದೇನೆ ಎಂದೆ. ನನ್ನ ಕೈ ಹಿಡಿದುಕೊಂಡಳು. "ಬೈಬೇಡ್ವೇ ಅವನನ್ನ. ಕ್ಯಾರೆಟ್ಟಿಗೆ ಇದು ಹೋಗಲ್ಲ ಅಂತ ನಂಗೆ ಗೊತ್ತಿಲ್ವಾ? ಮುಂದಿನ ತಿಂಗಳು ಅವನ ದೊಡ್ಡ ಶಿಬಿರ. ಬಾಗಿಲಲ್ಲೇ ನನ್ನ ಫೋಟೋ ಹಾಕಿದ್ದಾನಂತೆ, ಔಷಧಿ ಇಲ್ದೆ ಸಕ್ಕರೆ ಕಾಯಿಲೆ ಗೆದ್ದ ತಾಯಿ ಅಂತ. ಆ ತಾಯಿನೇ ಆಸ್ಪತ್ರೇಲಿ ಮಲಗಿದ್ರೆ ನನ್ನ ಮಗ ಯಾರಿಗೆ ಮುಖ ತೋರಿಸ್ಬೇಕು? ಅದೊಂದು ಮುಗೀಲಿ" ಎಂದಳು. ಗುಂಡಾ, ಅವಳು ನಿನ್ನ ರಸವನ್ನು ನಂಬಿ ಕೂತಿದ್ದಾಳೆ ಎಂದು ಮೇಲೆ ಬರೆದಿದ್ದೇನಲ್ಲ, ಅದು ತಪ್ಪು. ನಿನ್ನ ಮರ್ಯಾದೆ ಉಳಿಸಲು ಆ ಗಂಟನ್ನು ಎದೆಯಲ್ಲಿಟ್ಟುಕೊಂಡು ಕೂತಿದ್ದಾಳೆ. ತಪ್ಪಾಯಿತು ಎಂಬ ಮಾತೆಲ್ಲ ಅವಳಿಗೆ ಬೇಕಾಗಿಲ್ಲ. ಈ ಕಾಗದ ಸಿಕ್ಕ ದಿನವೇ ಆ ಫೋಟೋ ಇಳಿಸು. ಇಳಿಸಿ ಫೋನ್ ಮಾಡಿ, ಇಳಿಸಿದೆ ಎಂದು ಅವಳಿಗೆ ಹೇಳು. ಇಳಿಸಿದರೆ ಸಹಿ ಹಾಕುತ್ತೀಯಾ ಎಂದು ಕೇಳಿದೆ, ಹೂಂ ಎಂದು ತಲೆಯಾಡಿಸಿದಳು. ಇಪ್ಪತ್ತೊಂದನೇ ತಾರೀಖು ಗುರುವಾರ ಬೆಳಗ್ಗೆ ಏಳಕ್ಕೆ ಅವಳು ಇಲ್ಲಿರಬೇಕು.