ಪರದೆಯ ಹಿಂದಿನ ಒಲೆ

ಜನವರಿ ೧೪, ೧೯೦೮
ಮತ್ತೆ ಬೆಂಚು. ಬ್ಯಾಸ್ಕೆಟ್‌ಬಾಲ್ ಪಂದ್ಯದ ನಲವತ್ತು ನಿಮಿಷವೂ ಆಡುವವರ ಕೋಟುಗಳ ಕಾವಲು. ಟೊರ್ವಾಲ್ ಹನ್ನೊಂದು ಫ್ರೀ ಥ್ರೋ ಎಸೆದ, ಒಂಬತ್ತು ಬುಟ್ಟಿಗೆ. ಎದುರಾಳಿಗಳ ಪ್ರತಿ ಫೌಲಿಗೂ ನಮ್ಮ ತಂಡದ ಪರವಾಗಿ ಅವನೊಬ್ಬನೇ ಎಸೆಯುವುದು. ಮೂರು ವರ್ಷ ಆ ಜಾಗಕ್ಕೆ ಕಾದವನು ನಾನು. ನಾರ್ವೆಯಿಂದ ವಲಸೆ ಬಂದವರ ಹೊಲದಿಂದ ಬಂದ ಈ ಗೂಳಿ ಚೆಂಡು ಮುಟ್ಟಿದ್ದೇ ನವೆಂಬರಿನಲ್ಲಿ. ಹೊಟ್ಟೆ ಉರಿಯುತ್ತದೆ. ಉರಿಯಲಿ.

ಜನವರಿ ೨೩
ಕ್ಯಾಪ್ಟನ್ ರಟ್ಲೆಜ್‌ನನ್ನು ಕೇಳಿಯೇಬಿಟ್ಟೆ. ಇದು ನನ್ನ ಕೊನೆಯ ವರ್ಷ. ಒಂದು ಪಂದ್ಯವನ್ನಾದರೂ ಆಡದಿದ್ದರೆ ಕಾಲೇಜಿನ ಅಕ್ಷರವಿರುವ ಸ್ವೆಟರ್ ಸಿಗದು.
"ಯಾರಿಗಾದ್ರೂ ಪೆಟ್ಟಾಗ್ಲಿ ಮಾರಾಯ, ಇಳಿಸ್ತೀನಿ. ಸುಮ್ಸುಮ್ನೆ ಒಬ್ಬನ್ನ ಹೊರಗೆ ಕರೆದ್ರೆ ಅವನು ಮತ್ತೆ ಆ ಆಟಕ್ಕೆ ಇಳಿಯೋ ಹಾಗಿಲ್ವಲ್ಲ," ಎಂದ. ಬೆನ್ನು ತಟ್ಟಿದ. "ನಿನ್ನಷ್ಟು ಚೆನ್ನಾಗಿ ಆಟದ ಹಾಲ್ ನೋಡ್ಕೊಂಡ್ ಬರೋರು ಯಾರಿದ್ದಾರೆ, ಹೇಳು ವೆಂಡೆಲ್?"
ಹೌದು, ಅದೇ ನನ್ನ ಪದವಿ. ಹೊರ ಊರಿನಲ್ಲಿ ತಂಡಕ್ಕಿಂತ ಮುಂಚೆಯೇ ಹಾಲ್‌ಗೆ ಹೋಗಿ ನೋಡಬೇಕು — ಎಲ್ಲಿ ಕಂಬ, ಎಲ್ಲಿ ದೀಪ ತಗ್ಗಿದೆ, ಯಾವ ಹಲಗೆ ಜಾರುತ್ತದೆ. ಒಂದು ಊರಿನ ಹಾಲ್ ಇನ್ನೊಂದರಂತಿಲ್ಲ. ನನ್ನ ಮಾತು ನಂಬಿ ಐವರು ಕಣ್ಣುಮುಚ್ಚಿ ಓಡುತ್ತಾರೆ.

ಫೆಬ್ರವರಿ ೬
ಊಟಕ್ಕೆ ಟೊರ್ವಾಲ್ ಪಕ್ಕದಲ್ಲಿ. ಅವನಮ್ಮ ಕಳಿಸಿದ ಆಲೂಗಡ್ಡೆ ರೊಟ್ಟಿ ನನ್ನ ತಟ್ಟೆಗೆ ಹಾಕಿದ. "ತಿನ್ನೋ, ಬಡಕಲಾಗಿದ್ದೀಯ."
"ಎಸೆಯೋವಾಗ ಏನು ಯೋಚ್ನೆ ಮಾಡ್ತೀಯ?" ಕೇಳಿದೆ.
"ಏನೂ ಇಲ್ಲ. ಎಸೀತೀನಿ."
ರೊಟ್ಟಿ ಚೆನ್ನಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಫೆಬ್ರವರಿ ೧೫, ಸಂಜೆ ೫. ಕಾರ್ಬಿ ಫಾಲ್ಸ್
ಕೊನೆಯ ಪಂದ್ಯ. ಇಲ್ಲಿ ಆಟ ನಾಟಕದ ಹಾಲ್‌ನಲ್ಲಿ. ಒಂದು ಬುಟ್ಟಿಯ ಹಿಂದೆ ಬಣ್ಣದ ಪರದೆ ಇಳಿಬಿಟ್ಟಿದ್ದಾರೆ. ಎತ್ತಿ ನೋಡಿದೆ... ಒಂದು ಮೊಳ ದೂರದಲ್ಲಿ ಹಾಲ್ ಬೆಚ್ಚಗಿಡುವ ಕಬ್ಬಿಣದ ಒಲೆ, ಕೆಂಪಗೆ ಕಾದಿದೆ. ಊರಿನವರು ಪರದೆಗೆ ಮುಂಚೆಯೇ ನಿಲ್ಲುತ್ತಾರೆ. ಹೊಸಬರು ನಿಲ್ಲುವುದಿಲ್ಲ.
"ಏನೇನಿದೆ?" ರಟ್ಲೆಜ್ ಕೇಳಿದ.
"ಎರಡು ಕಂಬ. ಎಡಗಡೆ ಮೂಲೇಲಿ ನೆಲ ಜಾರುತ್ತೆ."
"ಅಷ್ಟೇನಾ?"
"ಅಷ್ಟೇ."
ಮರೆತಿದ್ದಲ್ಲ. ಇಲ್ಲಾದರೂ ನಿಜ ಬರೆಯುತ್ತೇನೆ.

ಫೆಬ್ರವರಿ ೧೬, ರೈಲಿನಲ್ಲಿ
ಗೆದ್ದೆವು, ೨೪–೨೩. ಅರ್ಧ ಆಟದ ನಂತರ ಬುಟ್ಟಿ ಬದಲಾಯಿತು, ಪರದೆಯ ಕಡೆಯದು ನಮ್ಮ ಪಾಲಿಗೆ ಬಂತು. ಟೊರ್ವಾಲ್ ಹೊರಗೆ ಹಾರಿದ ಚೆಂಡಿನ ಹಿಂದೆಯೇ ಪರದೆಗೆ ನುಗ್ಗಿದ, ಎರಡೂ ಕೈ ಮುಂದೆ ಚಾಚಿ. ಕಿರುಚಾಟ ಕೇಳಿ ಜನ ನಕ್ಕರು. ವಾಸನೆ ಬಂದ ಮೇಲೆ ನಗು ನಿಂತಿತು.
ರಟ್ಲೆಜ್ ಇನ್ನೂ ನನ್ನನ್ನು ಕರೆದಿರಲಿಲ್ಲ. ನಾನು ಆಗಲೇ ಕೋಟು ಬಿಚ್ಚಿ ನಿಂತಿದ್ದೆ.
ಏಳು ಫ್ರೀ ಥ್ರೋ, ಆರು ಬುಟ್ಟಿಗೆ. ಇಷ್ಟು ಸುಖ ಯಾವತ್ತೂ ಪಟ್ಟಿಲ್ಲ. ನಾಚಿಕೆ? ಹುಡುಕಿದೆ. ಸಿಗಲಿಲ್ಲ.

ಮಾರ್ಚ್ ೪
ಸ್ವೆಟರ್ ಬಂತು. ಹಾಕಿಕೊಂಡೇ ಆಸ್ಪತ್ರೆಗೆ ಹೋದೆ. ಟೊರ್ವಾಲ್‌ನ ಬಲಗೈಯ ಮೂರು ಬೆರಳು ತೆಗೆದಿದ್ದಾರೆ. ಎಡಗೈ ಇನ್ನೂ ಬಟ್ಟೆಯ ಉಂಡೆ.
"ನಿನಗೊಪ್ಪತ್ತೆ ಕಣೋ," ಎಂದ. "ಅಮ್ಮನಿಗೊಂದು ಕಾಗದ ಬರ್ಕೊಡು. ಪಾದ್ರಿ ಓದಿ ಹೇಳ್ತಾರೆ."
ಅವನು ಹೇಳಿದ, ನಾನು ಬರೆದೆ. ಬೆರಳಿನ ವಿಷಯ. ಹಾಲು ಕರೆಯಲು ಇನ್ನೊಬ್ಬರನ್ನು ನೋಡು ಎಂಬ ವಿಷಯ.
"ಇದನ್ನೂ ಸೇರಿಸು — ಅಲ್ಲಿ ಒಲೆ ಇತ್ತು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರ್ಲಿಲ್ಲ."
ಲೇಖನಿ ನಿಂತಿತು.
"ಬರಿ, ವೆಂಡೆಲ್."
ಬರೆದೆ. ಮಸಿ ಆರುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದ.
"ಈಗ ಆ ಸಾಲಿನ ಕೆಳಗೆ ನಿನ್ನ ಹೆಸರು ಹಾಕು. ನಾನು ಹೇಳಿದ್ದಲ್ಲ, ನೀನು ಹೇಳಿದ್ದು ಅಂತ ಅಮ್ಮನಿಗೆ ಗೊತ್ತಾಗ್ಲಿ."
ನಾನು — ಏನು ಮಾಡಿದೆ ಎಂಬುದನ್ನು ಇಲ್ಲೂ ಬರೆಯಲಾರೆ.