ಜಾಲಿಗಿಡದ ಕೆಳಗಿನ ಮೂಲೆ

ಮರೋಳ, ತಾಲೂಕು ಹುನಗುಂದ
ತಾ. ೧೪-೭-೧೯೫೮

ಚಿರಂಜೀವಿ ಮೊಮ್ಮಗ ಹೊಳಬಸಪ್ಪನಿಗೆ,

ಆಶೀರ್ವಾದ ಮಾಡಲೋ ಬೇಡವೋ ಎಂದು ಭಾಳ ಹೊತ್ತು ಕೂತು, ಕಡೆಗೆ ಮಾಡಿದ್ದೇನೆ, ಇಟ್ಟುಕೋ. ಹೊಟ್ಟೆನೋವು ಹೇಗಿದೆ? ಖಾನಾವಳಿಯ ಊಟ ಮೈಗೆ ಹತ್ತಿತೋ ಇಲ್ಲವೋ? ನನ್ನ ಮೊಣಕಾಲು ಹಾಗೇ ಇದೆ. ಎರಡನೇ ಇಯತ್ತೆ ಕಲಿತವಳ ಅಕ್ಷರ, ಸಾಹೇಬರ ಮುಂದೆ ನಾಚಿಕೆಯಾದರೆ ಒಬ್ಬನೇ ಓದಿಕೋ.

ಬೇಸಿಗೆಯಲ್ಲಿ ನಿನ್ನ ಮೀನಿನ ಇಲಾಖೆಯವರು ಬಂದಿದ್ದರು. ಕೆರೆಗೆ ಕಟ್ಲಾ ಮೀನಿನ ಮರಿ ಬಿಡುತ್ತೇವೆ, ಅದಕ್ಕೂ ಮೊದಲು ಕೊರವ ಮೀನು ಒಂದೂ ಇರಬಾರದು, ಇದ್ದರೆ ಮರಿಗಳನ್ನೆಲ್ಲ ನುಂಗುತ್ತದೆ ಎಂದರು. ನುಂಗುತ್ತದೆ, ಖರೆ. ಕಪ್ಪೆಯನ್ನೇ ಬಿಡದ ಮೀನು ಸರಕಾರದ ಮರಿ ಎಂದು ಕೈಮುಗಿಯುತ್ತದೆಯೇ? ಆ ಮಾತಿಗೆ ನನ್ನ ತಕರಾರಿಲ್ಲ. ಕೆರೆ ಒಣಗಿತ್ತು, ಹುಡುಕಿಕೊಳ್ಳಲಿ ಎಂದು ಎಲೆಅಡಿಕೆ ಹಾಕಿಕೊಂಡು ದಂಡೆಯ ಮೇಲೆ ಕೂತೆ. ಅವರು ಹುಡುಕಲೇ ಇಲ್ಲ. ನೆಟ್ಟಗೆ ಜಾಲಿಗಿಡದ ಕೆಳಗಿನ ಮೂಲೆಗೆ ಹೋಗಿ ಗುದ್ದಲಿ ಹಾಕಿದರು. ಮೇಲೆ ಬಿರುಕು ಬಿಟ್ಟ ಮಣ್ಣು, ಕೆಳಗೆ ಹಸಿ ಕೆಸರು, ಅದರೊಳಗೆ ಬಿರುಕಿನ ಗಾಳಿ ಕುಡಿಯುತ್ತ ಮಳೆಗೆ ಕಾದಿದ್ದ ಮೀನು. ಎಲ್ಲವನ್ನೂ ಎತ್ತಿ ದಂಡೆಗೆ ಹಾಕಿದರು. ಆಳುಗಳ ಮುಕಾದಮ ನಗುತ್ತ, “ನಿಮ್ಮ ಹೊಳಬಸಪ್ಪ ನಕಾಶಾ ತಗದು ಕೊಟ್ಟಾನ್ರಿ ಆಯಿ, ಭಾಳ ಶಾಣ್ಯಾ ಅದಾನ” ಎಂದ.

ಆ ಮೂಲೆ ನಿನಗೆ ತೋರಿಸಿದವಳು ನಾನು. ನಿನ್ನ ಅವ್ವ ತೀರಿದ ವರ್ಷ ನೀ ಅನ್ನ ಬಿಟ್ಟು ಕೂತಿದ್ದೆ. ಕರೆದೊಯ್ದು, ನೀರ ಮೇಲೆ ಕೆಂಪಗೆ ಗುಂಪಾಗಿ ತೇಲುವ ಮರಿಗಳನ್ನೂ ಕೆಳಗೆ ಕಾವಲು ತಿರುಗುವ ಅವುಗಳ ಅಪ್ಪನನ್ನೂ ತೋರಿಸಿದೆ. “ಆಯಿ, ಇದಕ್ಕ ಬಲೆ ಹಾಕಬ್ಯಾಡ” ಎಂದು ನನ್ನ ಕೈ ಹಿಡಿದೆ. ಅಂದಿನಿಂದ ಮರಿ ಕೆಂಪಗಿರುವ ತನಕ ನಾನು ಅಲ್ಲಿ ಬಲೆ ಹಾಕಿಲ್ಲ. ಉಳಿದ ದಿನ ಹಿಡಿದದ್ದನ್ನು ಹಸಿಹುಲ್ಲಿನ ಗಡಿಗೆಯಲ್ಲಿ ಜೀವಂತ ಇಳಕಲ್ಲಿಗೆ ಹೊತ್ತು, ಬಾಣಂತಿಯರ ಮನೆಗಳಿಗೆ ಸತ್ತ ಮೀನಿನ ಎರಡರಷ್ಟು ಬೆಲೆಗೆ ಮಾರಿ ನಿನ್ನನ್ನು ಓದಿಸಿದೆ. ಈಗ ಆ ಗಡಿಗೆ ಹಿತ್ತಲಲ್ಲಿ ಬೋರಲು ಬಿದ್ದಿದೆ.

ನೌಕರಿಗೆ ಕುತ್ತು ಬರುತ್ತದೆ ಆಯಿ ಎಂದು ಒಂದು ಮಾತು ಕೇಳಿದ್ದರೆ ನಾನೇ ನಿಂತು ಅಗೆಸಿಕೊಡುತ್ತಿದ್ದೆನೇನೋ. ಕೇಳಲಿಲ್ಲ. ಕಾಗದದ ಮೇಲೆ ಗೆರೆ ಎಳೆದು ಕಳಿಸಿಬಿಟ್ಟೆ.

ನೆರೆಮನೆಯ ರಂಜಾನಬಿ ಸಲಾಮು ಹೇಳಿದ್ದಾಳೆ. ನನ್ನ ಮೇಲಿನ ಸಿಟ್ಟಿಗೆ ಊಟ ಬಿಡಬೇಡ.

ನಿನ್ನ ಆಯಿ,
ಇಂದ್ರವ್ವ

ತಾ.ಕ.: ಟಪಾಲಿನವ ಬಾಗಿಲಲ್ಲಿ ನಿಂತಿದ್ದಾನೆ. ಅಂದು ಅಗೆಯುವವರು ಉಣ್ಣಲು ಹೋದಾಗ ದಂಡೆಯಿಂದ ಜೀವವಿದ್ದ ಮೂರ್ನಾಲ್ಕು ಮೀನು ಹಸಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೆ. ಮಳೆ ಬಿತ್ತು, ಮರಿ ಮಾಡಿವೆ. ಕೆಂಪಗೆ ತೇಲುತ್ತಿವೆ, ಅಪ್ಪ ಕೆಳಗೇ ಇದ್ದಾನೆ. ನೋಡಿದಾಗಲೆಲ್ಲ ನಿನ್ನ ಹೆಸರೇ ಬಾಯಿಗೆ ಬರುತ್ತದೆ. ದೀಪಾವಳಿಗೆ ಬಾ, ಉಂಡು ಹೋಗು. ಯಾವ ನೀರಿಗೆ ಬಿಟ್ಟಿದ್ದೇನೆ ಎಂದು ಮಾತ್ರ ಕೇಳಬೇಡ. ನಿನಗೆ ಹೇಳುವುದಿಲ್ಲ.